ರಿವರ್ಸ್ ಕೇಸರಿ ಆಗಬೇಕಾಗಿದ್ದ ಸತ್ತೆಪ್ಪ

ಮನುಷ್ಯರ ಗುಣವನ್ನು ಮೈಕು ಹಚ್ಚಿ ಎಣಿಸಿ ಹೇಳುವ ಊರೂ ಇದೆಯಲ್ಲ ಎಂದು ಮಾಳೇಶ ಬೆರಗಾದದ್ದು ಬೋರಗಾಂವದಲ್ಲಿ, ಮೂರು ಹಂಗಾಮಿನ ಹಿಂದೆ.

ಕಬ್ಬು ಕಡಿದು ಹಸನು ಮಾಡಿದ ಹೊಲ. ಸುತ್ತ ಜಾತ್ರೆಗೂ ಸೇರದಷ್ಟು ಜನ. ನಡುವೆ ಟ್ರ್ಯಾಕ್ಟರುಗಳ ಹೊಗೆ. ಮಂಟಪದ ಮೇಲೆ ಕಮಿಟಿಯ ಬಾಳಾಸಾಬರು ಗಂಟಲ ನರ ಉಬ್ಬಿಸಿ, "ಧರಣೇಂದ್ರಾಚೇ ಗುಣ ದಹಾ! ಸತ್ತೆಪ್ಪಾಚೇ ಗುಣ ಸಹಾ!" ಎಂದು ಕೂಗುತ್ತಿದ್ದರು. ಮಾಳೇಶ ರಾಯಬಾಗ ಕಡೆಯವನು. ಅವನ ಮರಾಠಿ ಬಸ್ಸಿನಲ್ಲಿ ಸೀಟು ಹಿಡಿಯಲಿಕ್ಕೆ ಮತ್ತು ಯಾರಾದರೂ ಬೈದರೆ ಬೈದದ್ದು ತಿಳಿಯಲಿಕ್ಕೆ ಸಾಲುವಷ್ಟು. ದಹಾ ಅಂದರೆ ಹತ್ತು, ಸಹಾ ಅಂದರೆ ಆರು, ಅದು ಗೊತ್ತಾಯಿತು. ಗುಣ ಅಂದರೆ ಗುಣ. ಅದಕ್ಕೇನು ಭಾಷಾಂತರ? ಧರಣೇಂದ್ರನೆಂಬವನಲ್ಲಿ ಹತ್ತು ಒಳ್ಳೆಯ ಗುಣಗಳಿವೆ, ಸತ್ತೆಪ್ಪನೆಂಬ ಬಡಪಾಯಿಯಲ್ಲಿ ಆರೇ ಇವೆ, ಅದನ್ನು ಇಡೀ ಸೀಮೆಗೆ ಸಾರುತ್ತಿದ್ದಾರೆ ಎಂದುಕೊಂಡ. ಪಾಪ ಅನ್ನಿಸಿತು. ಪಕ್ಕದಲ್ಲಿ ಕತ್ತು ಒಂದು ಕಡೆ ವಾಲಿಸಿಕೊಂಡು ನಿಂತಿದ್ದ ನಡುವಯಸ್ಸಿನವನನ್ನು ಕೇಳಿಯೂ ಬಿಟ್ಟ.

"ಅಲ್ರೀ ಕಾಕಾ, ಆ ಸತ್ತೆಪ್ಪನ ಉಳಿದ ನಾಕ ಗುಣ ಎಲ್ಲಿ ಹೋದವು?"

ಆತ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡಿದ.

"ಒಂದ ತಂಬಾಕಿಗಿ ಹೋತು. ಒಂದ ಹೇಣ್ತಿ ಕಸಗೊಂಡ್ಲು. ಉಳಿದೆರಡು ಆ ಧರಣೇಂದ್ರ ಆರಿಸ್ಕೊಂಡ ಹೋಗ್ಯಾನ. ಯಾಕ, ನಿನ್ನ ಕಡೆ ಹೆಚ್ಚಿಗಿ ಇದ್ರ ಎರಡ ಕೊಡ."

ಸತ್ತೆಪ್ಪ ಅವನೇ. ಮರಾಠಿಯಲ್ಲಿ ಗುಣ ಅಂದರೆ ಮಾರ್ಕು, ಶರ್ಯತ್ತಿನ ಅಂದರೆ ಪಂದ್ಯದ ಪಾಯಿಂಟು ಎಂದು ಮಾಳೇಶನಿಗೆ ಆಮೇಲೆ ತಿಳಿಯಿತು. ತಿಳಿಸಿದ್ದೂ ಸತ್ತೆಪ್ಪನೇ, ಸುತ್ತಲಿದ್ದ ಹತ್ತು ಜನರನ್ನು ಕರೆದು, ಅವರೆಲ್ಲರ ಎದುರು.

ಮಾಳೇಶ ಚಿಕ್ಕೋಡಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಪಗಾರಕ್ಕಿದ್ದ. ಅವನ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಹುದ್ದೆಯೊಂದು ಅಚ್ಚಾಗಿತ್ತು. ಕೆಲಸ ಮಾತ್ರ ಶರ್ಯತ್ತು ನಡೆಯುವಲ್ಲಿ ಕಂಪನಿಯ ಬ್ಯಾನರು ಕಟ್ಟುವುದು, ಗಾಳಿಗೆ ಹರಿಯದಂತೆ ನೋಡುವುದು, ಹರಿದರೆ ಬೈಸಿಕೊಳ್ಳುವುದು. ಅಲ್ಲಿಯವರೆಗೆ ಅವನು ಒಂದೂ ಟ್ರ್ಯಾಕ್ಟರ್ ಮಾರಿರಲಿಲ್ಲ. ಆದರೆ ಫೋನಿನಲ್ಲಿ ವಿದೇಶದ ಕಾರ್ ರೇಸು ನೋಡುವ ಚಟವಿತ್ತು. ಆದ್ದರಿಂದ ಗಾಲಿಯಿರುವ ಯಾವ ವಿಷಯದಲ್ಲೂ ತಾನು ಪಂಡಿತನೆಂಬ ಭ್ರಮೆಯೂ ಇತ್ತು.

ಈ ಶರ್ಯತ್ತು ಮುಂದಕ್ಕೆ ಓಡುವುದಲ್ಲ, ಹಿಂದಕ್ಕೆ ಓಡುವುದು. ಟ್ರ್ಯಾಕ್ಟರಿಗೆ ಖಾಲಿ ಟ್ರೇಲರು ಜೋಡಿಸಿ, ಎರಡೂ ಕಡೆ ಝಂಡಾ ನೆಟ್ಟ ದಾರಿಯಲ್ಲಿ ರಿವರ್ಸ್ ಗೇರಿನಲ್ಲಿ ಹೊಡೆಯಬೇಕು. ಒಬ್ಬರಾದ ಮೇಲೆ ಒಬ್ಬರು. ಕಡಿಮೆ ಹೊತ್ತಿನಲ್ಲಿ ಮುಟ್ಟಿದವನು ಒಂದನೇ ನಂಬರು. ಒಂದು ಝಂಡಾ ಬಡಿದರೂ ಸೊನ್ನೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರು ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸಂಸಾರವಿದ್ದವರಿಗೆ ಬೇಗ ಕಲಿಯಲು ಬರುತ್ತದೆ ಎಂದು ಬಾಳಾಸಾಬರು ಮೈಕಿನಲ್ಲಿ ಪ್ರತಿ ಸಲ ಹೇಳುತ್ತಾರೆ, ಜನ ಪ್ರತಿ ಸಲ ನಗುತ್ತಾರೆ. ಹಂಗಾಮಿಗೆ ಐದು ಕಡೆ ಶರ್ಯತ್ತು: ಅಂಕಲಿ, ಅಥಣಿ, ಬೋರಗಾಂವ, ರಾಯಬಾಗ, ಕಾಗವಾಡ. ಐದರ ಪಾಯಿಂಟು ಕೂಡಿಸಿ ಹೆಚ್ಚು ಬಂದವನು 'ರಿವರ್ಸ್ ಕೇಸರಿ'. ಪೈಲವಾನರಿಗೆ ಕೊಡುವಂಥ ಗದೆ, ಪೇಟ, ಹೆಗಲ ಮೇಲೆ ಹೊತ್ತು ಮೆರವಣಿಗೆ. ಎರಡನೆಯವನಿಗೆ ಒಂದು ಟೇಬಲ್ ಫ್ಯಾನು.

ಸತ್ತೆಪ್ಪ ಅಂಕಲಿಯವನು. ಮನೆಯವರು ಮೊದಲು ಕುರಿ ಕಾಯ್ದವರು. ಈಗ ಹೊಳೆಯ ದಿಕ್ಕಿಗೆ ಒಂದು ತುಂಡು ಹೊಲ, ಎರಡು ಎಮ್ಮೆ. ಸತ್ತೆಪ್ಪ ಮೀಸೆ ಮೂಡುವ ಮೊದಲೇ ಊರಿನ ಸಾಹುಕಾರ ಅಣ್ಣಾಸಾಬರ ಟ್ರ್ಯಾಕ್ಟರ್ ಹತ್ತಿದವನು, ಇನ್ನೂ ಇಳಿದಿಲ್ಲ. ಟ್ರ್ಯಾಕ್ಟರುಗಳು ಬದಲಾದವು, ಅಣ್ಣಾಸಾಬರ ಕೂದಲಿನ ಬಣ್ಣ ಎರಡು ಸಲ ಬದಲಾಯಿತು, ಸೀಟಿನ ಮೇಲೆ ಸತ್ತೆಪ್ಪ ಮಾತ್ರ ಅವನೇ. ಅಂಕಲಿಯ ಹೊಲದ ದಾರಿಗಳು ಎಷ್ಟು ಸಪೂರ ಎಂದರೆ ಒಳಗೆ ಹೋದ ಗಾಡಿ ಹೊರಳಲಾಗದು, ಹೋದಂತೆಯೇ ಹಿಂದಕ್ಕೆ ಬರಬೇಕು. ಕಬ್ಬು ತುಂಬಿದ ಗಾಡಿಯನ್ನು ಒಡ್ಡಿನ ಮೇಲೆ ಹಿಂದಕ್ಕೆ ತಂದು ತಂದು ಸತ್ತೆಪ್ಪನಿಗೆ ಜಗತ್ತು ಹೆಗಲ ಮೇಲಿಂದಲೇ ಚೆನ್ನಾಗಿ ಕಾಣುತ್ತಿತ್ತು. ಯಾರದೋ ಓಣಿಯಲ್ಲಿ ಮದುವೆ ಸಾಮಾನಿನ ಟೆಂಪೋ ಸಿಕ್ಕಿಬಿದ್ದರೆ, ಬೋರ್‌ವೆಲ್ ಲಾರಿ ಗಟಾರಕ್ಕೆ ಇಳಿದರೆ, "ಅಣ್ಣಾಸಾಬರ ಡ್ರೈವರನ್ನ ಕರೀರಿ" ಎನ್ನುತ್ತಿದ್ದರು.

ಆ ಮಾತೇ ಅವನಿಗೆ ಕುಟುಕುತ್ತಿತ್ತು. ಅಂಕಲಿಯಲ್ಲಿ ಸತ್ತೆಪ್ಪಗಳು ಬಹಳ. ಮೇಕೆ ಸತ್ತೆಪ್ಪ, ಮಾಸ್ತರ ಸತ್ತೆಪ್ಪ, ಡೇರಿ ಸತ್ತೆಪ್ಪ. ಇವನೊಬ್ಬನಿಗೇ ಸ್ವಂತ ಅಡ್ಡಹೆಸರಿಲ್ಲ. ಇದ್ದ ಹೆಸರನ್ನೂ ಬಿಟ್ಟು ಜನ ಮಾಲೀಕರ ಹೆಸರು ಹಿಡಿದು ಕರೆಯುತ್ತಿದ್ದರು. ಗದೆ ಬಂದರೆ ಅಂಕಲಿಯಿಂದ ಚಿಕ್ಕೋಡಿಯವರೆಗೆ ಅವನು ಕೇಸರಿ ಸತ್ತೆಪ್ಪ. ಅವನಿಗೆ ಬೇಕಾದದ್ದು ಇಷ್ಟೇ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಸಾವಕ್ಕ ಮಾತ್ರ ಎಲ್ಲರಿಗೂ ಹೇಳಿದ್ದಳು.

ಆ ಮೊದಲ ಹಂಗಾಮಿನಲ್ಲಿ ಪಾಯಿಂಟು ಹತ್ತು, ಆರು, ನಾಲ್ಕು, ಹೀಗೆ ಇಳಿಯುತ್ತಿತ್ತು. ಬೋರಗಾಂವದ ಧರಣೇಂದ್ರ ಇಪ್ಪತ್ತೈದರ ಹುಡುಗ. ಹಿಂದೆ ನೋಡುವ ಗೊಡವೆಗೆ ಹೋಗದೆ ಕನ್ನಡಿಯಲ್ಲಿ ಒಂದು ಕಣ್ಣು ಹಾಯಿಸಿ ಹೊಡೆಯುವವನು. ಮೂರು ಕಡೆ ಗೆದ್ದ, ಒಂದು ಕಡೆ ಮೂರನೆಯವನಾದ, ಒಂದು ಕಡೆ ಝಂಡಾ ಕೆಡವಿದ. ಸತ್ತೆಪ್ಪ ಒಂದು ಕಡೆ ಗೆದ್ದ, ಉಳಿದ ನಾಲ್ಕೂ ಕಡೆ ಎರಡನೆಯವನಾದ. ಕೂಡಿಸಿದರೆ ಇಬ್ಬರಿಗೂ ಮೂವತ್ತನಾಲ್ಕು! ಕಮಿಟಿಯವರು ಚಹಾ ಕುಡಿದು, ಹೆಚ್ಚು ಸಲ ಗೆದ್ದವನೇ ದೊಡ್ಡವನು ಎಂದು ತೀರ್ಪು ಕೊಟ್ಟರು. ಗದೆ ಬೋರಗಾಂವಕ್ಕೆ ಹೋಯಿತು. ಸತ್ತೆಪ್ಪ ಫ್ಯಾನು ಹೊತ್ತುಕೊಂಡು ಅಂಕಲಿಗೆ ಬಂದ.

ಇದನ್ನು ಕಂಡು ಮಾಳೇಶನೊಳಗಿನ ಪಂಡಿತ ಎದ್ದು ಕುಳಿತ. ತನ್ನದಲ್ಲದ ಜಗಳಕ್ಕೆ ಇಳಿಯುವುದು ಪಗಾರಿನವರ ಮನರಂಜನೆ. ಅವನು ಬಾಳಾಸಾಬರ ಮುಂದೆ ಹೋಗಿ ಕಾರ್ ರೇಸಿನ ಪುರಾಣ ಬಿಚ್ಚಿದ. ಅಲ್ಲಿಯೂ ಅರ್ಧ ಪಾಯಿಂಟಿಗೆ ಪಟ್ಟ ಕಳೆದುಕೊಂಡವರಿದ್ದಾರೆ, ವರ್ಷವಿಡೀ ಹೆಚ್ಚು ಪಾಯಿಂಟು ಗಳಿಸಿಯೂ ನಿಯಮದ ದೆಸೆಯಿಂದ ಎರಡನೆಯವರಾದವರಿದ್ದಾರೆ, ಆದ್ದರಿಂದ ಅಲ್ಲಿಯವರು ನಿಯಮ ಬದಲಿಸುತ್ತಲೇ ಇರುತ್ತಾರೆ ಎಂದ. ಬಾಳಾಸಾಬರಿಗೆ ಕೊನೆಯ ಮಾತು ಹಿಡಿಸಿತು.

"ಅಂದ್ರ ನಾವೂ ಬದಲಿ ಮಾಡೂನು. ದೊಡ್ಡ ಮಂದಿ ಮಾಡ್ತಾರಂದ್ರ ಏನರ ಇರಬೇಕ ಅದರಾಗ. ನೀನ ಬರದ ಕೊಡ."

ಮಾಳೇಶ ಬರೆದುಕೊಟ್ಟ. ಒಂದನೇ ನಂಬರಿಗೆ ಹತ್ತು, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಎಂಟು. ಕಾಯಂ ಎರಡನೆಯವನಾಗುವ ಸತ್ತೆಪ್ಪನಿಗೆಂದೇ ಹೊಲಿದ ಅಂಗಿ. ಅದನ್ನು ಸತ್ತೆಪ್ಪನಿಗೆ ಬಿಡಿಸಿ ಹೇಳುವುದೊಂದು ಉಳಿಯಿತು.

ಸತ್ತೆಪ್ಪ ಹಿಂದಿನ ವರ್ಷದ ಪಾಠವನ್ನು ಚೆನ್ನಾಗಿ ಕಲಿತಿದ್ದ. ಗೆಲ್ಲಬೇಕು, ಗೆದ್ದವನೇ ದೊಡ್ಡವನು. ಎಂದೂ ಇಲ್ಲದ ಜೋರಿನಲ್ಲಿ ಹೊಡೆದು ಮೂರು ಕಡೆ ಗೆದ್ದ, ಎರಡು ಕಡೆ ಝಂಡಾ ಬಡಿದ. ಅಥಣಿಯ ಜಯಪಾಲನೆಂಬವನು ಒಂದೂ ಕಡೆ ಗೆಲ್ಲದೆ, ಎಲ್ಲೂ ಬಡಿಯದೆ, ಎರಡು-ಮೂರನೇ ನಂಬರಿನಲ್ಲಿ ತೆವಳಿಕೊಂಡು ನಲವತ್ತಮೂರು ಕೂಡಿಸಿದ. ಸತ್ತೆಪ್ಪನಿಗೆ ಮೂವತ್ತು. ಒಂದೂ ಶರ್ಯತ್ತು ಗೆಲ್ಲದವನು ಕೇಸರಿಯಾದ. ಹಳೆಯ ನಿಯಮವಿದ್ದರೆ ಗದೆ ಸತ್ತೆಪ್ಪನದೇ ಆಗುತ್ತಿತ್ತು.

"ಏನ ತಮ್ಮಾ, ನನಗಂತ ಅಂಗಿ ಹೊಲದೀನಿ ಅಂದಿ," ಎಂದು ಸತ್ತೆಪ್ಪ ಎರಡನೇ ಫ್ಯಾನನ್ನು ಟ್ರ್ಯಾಕ್ಟರಿಗೆ ಏರಿಸುತ್ತ ಕೇಳಿದ. "ಅಳತಿ ಯಾರದ ತಗೊಂಡಿದ್ದಿ?"

ಮೂರನೇ ಹಂಗಾಮಿನ ಹೊತ್ತಿಗೆ ಸತ್ತೆಪ್ಪನ ಕತ್ತು ಮಾತು ಕೇಳುವುದನ್ನು ಬಿಟ್ಟಿತ್ತು. ಇಪ್ಪತ್ತೈದು ವರ್ಷ ಬಲ ಹೆಗಲ ಮೇಲಿಂದ ನೋಡಿದ್ದಕ್ಕೆ ಅದು ಅಲ್ಲೇ ಮನೆ ಮಾಡಿತ್ತು. ಮದುವೆ ಫೋಟೋಗಳಲ್ಲಿ ಅವನೊಬ್ಬ ಮಾತ್ರ ವಧೂವರರನ್ನು ಬಿಟ್ಟು ಅಡುಗೆ ಮನೆ ಕಡೆ ನೋಡುತ್ತಿರುತ್ತಿದ್ದ. ಮಿರಜದ ಡಾಕ್ಟರು ಪಟ್ಟಿಯೊಂದನ್ನು ಕಟ್ಟಿ, "ಇನ್ನ ಹಿಂದ ನೋಡೂದ ಬಿಡ" ಎಂದರು. ಸಾವಕ್ಕ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕಳು, ಮನೆಗೆ ಬಂದು ಅತ್ತಳು. ಈ ಹಂಗಾಮೇ ಕೊನೆಯದು ಎಂದು ಗಂಡ ಹೆಂಡಿರಿಬ್ಬರೂ ಒಪ್ಪಿಕೊಂಡರು. ಈ ಸಲ ಗದೆ ಬರದಿದ್ದರೆ ಸಾಯುವವರೆಗೆ ಅಣ್ಣಾಸಾಬರ ಡ್ರೈವರ್.

ಮಾಳೇಶ ಮತ್ತೆ ತಲೆ ಓಡಿಸಿದ. ಅದು ಖಾಲಿಯಿದ್ದುದರಿಂದ ಓಡಲು ಜಾಗ ಬೇಕಾದಷ್ಟಿತ್ತು. ಹೋದ ವರ್ಷ ಸತ್ತೆಪ್ಪನನ್ನು ಕೆಡಿಸಿದ್ದು ಯಾವುದು? ಸೊನ್ನೆ. ಹಾಗಾದರೆ ಸೊನ್ನೆಯನ್ನೇ ತೆಗೆದುಹಾಕೋಣ. ಐದರಲ್ಲಿ ಕೆಟ್ಟದ್ದೊಂದನ್ನು ಬಿಟ್ಟು ಚೊಲೋ ನಾಲ್ಕನ್ನು ಮಾತ್ರ ಕೂಡಿಸಬೇಕು. ಪಾಯಿಂಟು ಹತ್ತು, ಏಳು, ಐದು. ಕಾರ್ ರೇಸಿನಲ್ಲೂ ಹಿಂದೆ ಹೀಗೇ ಇತ್ತು ಎಂದ. ಕಮಿಟಿ ಚಪ್ಪಾಳೆ ತಟ್ಟಿತು.

ಸತ್ತೆಪ್ಪ ಈ ಸಲವೂ ಹಿಂದಿನ ವರ್ಷದ ಪಾಠ ಕಲಿತೇ ಬಂದಿದ್ದ. ಝಂಡಾ ಬಡಿಯಬಾರದು. ಎರಡು ಕಡೆ ಗೆದ್ದ, ಎರಡು ಕಡೆ ಎರಡನೆಯವನಾದ, ಒಂದು ಝಂಡಾಕ್ಕೂ ಗಾಳಿ ಸೋಕಲು ಬಿಡಲಿಲ್ಲ. ಧರಣೇಂದ್ರ ಎರಡು ಗೆದ್ದಿದ್ದ, ಒಂದರಲ್ಲಿ ಎರಡನೆಯವನಾಗಿದ್ದ, ರಾಯಬಾಗದಲ್ಲಿ ಮೂರು ಝಂಡಾ ಒಟ್ಟಿಗೆ ಮಲಗಿಸಿದ್ದ. ಕಾಗವಾಡಕ್ಕೆ ಬರುವಾಗ ಸತ್ತೆಪ್ಪ ಏಳು ಪಾಯಿಂಟು ಮುಂದೆ. ಎರಡನೆಯವನಾದರೂ ಸಾಕು, ಗದೆ ಬಂತು ಎಂದು ಅಂಕಲಿಯ ಹುಡುಗರು ಹಲಗೆಯವರನ್ನೂ ಗುಲಾಲನ್ನೂ ಟ್ರೇಲರಿನಲ್ಲಿ ತುಂಬಿಕೊಂಡು ಬಂದಿದ್ದರು.

ಬ್ಯಾನರಿನ ಹಗ್ಗ ಬಿಗಿಯುತ್ತಿದ್ದ ಮಾಳೇಶನಿಗೆ ಮನಸ್ಸಿನಲ್ಲೇ ಲೆಕ್ಕ ಹಾಕುವಾಗ ಬೆವರು ಕಿತ್ತುಕೊಂಡಿತು. ಇನ್ನೊಮ್ಮೆ ಹಾಕಿದ. ಬೆವರು ಬಿಟ್ಟರೆ ಬೇರೇನೂ ಬರಲಿಲ್ಲ. ಅವನು ಹಗ್ಗ ಬಿಟ್ಟು ಸತ್ತೆಪ್ಪನ ಹತ್ತಿರ ಓಡಿದ. ಬ್ಯಾನರು ಕೆಳಗೆ ಬಿತ್ತು. ಸತ್ತೆಪ್ಪ ಕತ್ತಿನ ಪಟ್ಟಿ ಬಿಚ್ಚಿ ಸಾವಕ್ಕನ ಕೈಗೆ ಕೊಡುತ್ತಿದ್ದ.

"ಕಾಕಾ, ಒಂದ ಮಾತ ಹೇಳೂದೈತ್ರಿ. ಇವತ್ತ ಎರಡನೇ ನಂಬರ ಬಂದ್ರ ಉಪಯೋಗ ಇಲ್ರಿ."

"ಎಂದ ಇತ್ತು?"

"ಹಂಗಲ್ರೀ. ಐದರಾಗ ಕೆಟ್ಟದ್ದೊಂದ ಬಿಡಬೇಕಲ್ಲಾ. ಧರಣೇಂದ್ರ ರಾಯಬಾಗದ ಸೊನ್ನಿ ಬಿಡ್ತಾನ. ನಿಮ್ಮ ಕಡೆ ಬಿಡಾಕ ಕೆಟ್ಟದ್ದ ಒಂದೂ ಇಲ್ಲ. ಎರಡನೇದ ಬಂದ್ರ ಆ ಏಳೂ ಲೆಕ್ಕಕ್ಕ ಬರೂದಿಲ್ಲ. ಅಂವ ಗೆದ್ದಾ ಅಂದ್ರ ಅಂವಗ ಮೂವತ್ತೇಳು, ನಿಮಗ ಮೂವತ್ನಾಕ."

ಸತ್ತೆಪ್ಪ ಇಡೀ ಮೈ ತಿರುಗಿಸಿ ಅವನನ್ನು ನೋಡಿದ.

"ಅಂದ್ರ ನಾ ಝಂಡಾ ಬಡೀಲಿಲ್ಲಂತ ನನಗ ದಂಡಾ?"

"ಹಂಗಂತ ಬರದಿಲ್ರಿ..."

"ಯಾರ ಬರದಾರ?"

"ನಾನ ರೀ."

ಸಾವಕ್ಕ ಕತ್ತಿನ ಪಟ್ಟಿಯನ್ನು ಮಾಳೇಶನ ಕಡೆ ಚಾಚಿದಳು. "ತಗೋಳೋ ಯಪ್ಪಾ, ನೀ ಹಾಕ್ಕೋ ಇದನ್ನ. ನಿನಗ ಬೇಕಾಗತೈತಿ. ಅಂಕಲಿ ಹುಡಗೂರಿಗಿ ತಿಳೀತಂದ್ರ ನಿನ್ನ ಕುತಗಿ ಹಿಂದಮುಂದ ಮಾಡ್ತಾರ."

ಮಾಳೇಶ ಉಳಿದರ್ಧ ಹೇಳಿದ. "ಒಂದ ಚೊಲೋದೈತ್ರಿ ಕಾಕಾ. ಎರಡನೇದ ಬಂದ್ರೂ ಅಷ್ಟ, ಸೊನ್ನಿ ಬಂದ್ರೂ ಅಷ್ಟ. ಕಳಕೊಳ್ಳೂದ ಏನೂ ಇಲ್ಲ. ಝಂಡಾ ಹೋದ್ರ ಹೋಗ್ಲಿ. ಎಕ್ಸಲೇಟರ ಪೂರಾ ಒತ್ರಿ."

ಸತ್ತೆಪ್ಪ ಬಾಯಲ್ಲಿದ್ದ ತಂಬಾಕು ಉಗುಳಿ ಟ್ರ್ಯಾಕ್ಟರ್ ಹತ್ತಿದ.

ಧರಣೇಂದ್ರ ಮೊದಲು ಹೊಡೆದ. ಟ್ರೇಲರು ಹಾವಿನಂತೆ ಸುಳಿದು ಹೋಯಿತು. ಕೊನೆಯ ಝಂಡಾ ಅಲ್ಲಾಡಿತು, ಬೀಳಲಿಲ್ಲ. ಅದು ಗಾಲಿಯ ಗಾಳಿಗೋ ದೇವರ ಗಾಳಿಗೋ ಎಂದು ಅಂಕಲಿಯವರು ಕೂಗಾಡಿದರು, ಅಂಪೈರು ಕೈ ಆಡಿಸಿ ತಳ್ಳಿಹಾಕಿದ. ಕೊನೆಗೆ ಸತ್ತೆಪ್ಪನ ಸರದಿ. ಅವನು ಬಲಗೈ ಮಡ್‌ಗಾರ್ಡಿಗೆ ಊರಿ, ಸೊಂಟದಿಂದಲೇ ಹಿಂದಕ್ಕೆ ಹೊರಳಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಆಡಿಸುತ್ತ ಹೊಡೆದ. ದಾರಿಯ ನಟ್ಟ ನಡುವೆ, ದಾರ ಹಿಡಿದಂತೆ. ಎರಡೂ ಕಡೆಯ ಝಂಡಾಗಳು ಕವಾಯತಿಗೆ ನಿಂತ ಪೊಲೀಸರಂತೆ ಮಿಸುಕದೆ ನಿಂತವು. ಅದಕ್ಕಿಂತ ಚೆಂದ ಹಿಂದಕ್ಕೆ ಬಂದವರನ್ನು ಕಾಗವಾಡದವರು ಕಂಡಿರಲಿಲ್ಲ. ಅದಕ್ಕಿಂತ ಜೋರಾಗಿ ಬಂದವನನ್ನು ಮಾತ್ರ ಆಗಷ್ಟೇ ಕಂಡಿದ್ದರು. ಸತ್ತೆಪ್ಪ ಎರಡನೆಯವನಾದ.

ಅಂಕಲಿಯ ಹುಡುಗರು ಗದೆ ಬಂತೆಂದು ಗುಲಾಲು ಎರಚಿಯೇ ಬಿಟ್ಟರು. ಬಾಳಾಸಾಬರು ಮೈಕಿನಲ್ಲಿ ನಿಯಮ ಬಿಡಿಸಿ ಹೇಳುವ ಹೊತ್ತಿಗೆ ಸತ್ತೆಪ್ಪ ಕಾಲಿನಿಂದ ತಲೆವರೆಗೆ ಕೆಂಪಾಗಿ ನಿಂತಿದ್ದ. ಗೆದ್ದ ಧರಣೇಂದ್ರನಿಗೆ ಹಚ್ಚಲು ಗುಲಾಲು ಉಳಿದಿರಲಿಲ್ಲ. ಅವನು ಬಂದು, "ಕಾಕಾ, ಸ್ವಲ್ಪ ಕೊಡ್ರಿ" ಎಂದು ಸತ್ತೆಪ್ಪನ ಹೆಗಲ ಮೇಲಿದ್ದದ್ದನ್ನೇ ಬಳಿದು ತನ್ನ ಹಣೆಗೆ ಹಚ್ಚಿಕೊಂಡ. ಮಾಳೇಶ ಬಿದ್ದ ಬ್ಯಾನರನ್ನು ಸುತ್ತಿಕೊಂಡು ಹಿಂದಿನ ದಾರಿಯಿಂದ ಪಾರಾದ.

ಸೊನ್ನೆಗೂ ಎರಡನೆಯದಕ್ಕೂ ಫರಕಿಲ್ಲ ಎಂದು ಗೊತ್ತಿದ್ದೂ ಸತ್ತೆಪ್ಪ ಯಾಕೆ ನುಗ್ಗಿಸಲಿಲ್ಲ? ಮುಂದಿನ ವಾರವಿಡೀ ಚಹಾದಂಗಡಿಗಳಲ್ಲಿ ಇದೇ ಮಾತು. "ನನ್ನ ಟ್ರೇಲರಿಗೆ ಪೆಟ್ಟ ಆಗಬಾರದಂತ ಕೈ ತಡದಾನ. ಹಂತಾ ನಿಯತ್ತಿನ ಮನಶ್ಯಾ ಸಿಗೂದಿಲ್ಲ" ಎಂದು ಅಣ್ಣಾಸಾಬರು ಎದೆಯುಬ್ಬಿಸಿದರು. ಹೊಸ ಹುಡುಗರಿಗೆ ದಾರಿ ಬಿಟ್ಟುಕೊಟ್ಟ ಹಿರಿಯ ಎಂದು ಬಾಳಾಸಾಬರು ನಿಪ್ಪಾಣಿಯ ಸಭೆಯೊಂದರಲ್ಲಿ ಕಣ್ಣೊರೆಸಿಕೊಂಡರು. ಮಾಳೇಶನಿಗೆ ಇನ್ನೂ ಎತ್ತರದ ವಿಚಾರ ಹೊಳೆದಿತ್ತು. ಬಡಿದರೂ ನಡೆಯುತ್ತದೆ ಎನ್ನುವ ಹಲ್ಕಾ ನಿಯಮಕ್ಕೆ ಸತ್ತೆಪ್ಪ ತೋರಿಸಿದ ಧಿಕ್ಕಾರ ಅದು. ನಿಯಮ ಬರೆದವನಿಗೆ ಮೌನದಿಂದಲೇ ಹೊಡೆದ ಚಪ್ಪಲಿ. ತನಗೆ ಬಿದ್ದ ಚಪ್ಪಲಿಯೂ ಘನವಾದದ್ದಾಗಿರಬೇಕೆಂಬ ಆಸೆ ಅವನದು.

ಆ ಭಾನುವಾರ ಅವನು ಅಂಕಲಿಗೆ ಹೋದ. ಎರಡು ಕೋಣೆಯ ಮನೆಯಲ್ಲಿ ಮೂರು ಫ್ಯಾನು ಮೂರು ದಿಕ್ಕಿಗೆ ತಿರುಗುತ್ತಿದ್ದವು. ಒಂದನ್ನು ಎಮ್ಮೆಗೆ ಹಚ್ಚಬೇಕೆಂದು ಸಾವಕ್ಕ ವಾದ ಹೂಡಿದ್ದಳು. ಸತ್ತೆಪ್ಪ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ನೆಟ್ಟಗೆ ಕುಳಿತಿದ್ದ, ಪಟ್ಟಾಭಿಷೇಕ ತಪ್ಪಿದ ರಾಜನಂತೆ. ಮಾಳೇಶ ಚಹಾ ಬರುವವರೆಗೂ ತಡೆಯದೆ ಬಾಯಿ ಬಿಟ್ಟ. ಮೊದಲ ವರ್ಷಕ್ಕೆ ಎರಡನೇ ವರ್ಷದ ನಿಯಮವಿದ್ದರೆ ಗದೆ ಸತ್ತೆಪ್ಪನದು. ಎರಡನೇ ವರ್ಷಕ್ಕೆ ಮೊದಲ ವರ್ಷದ್ದಿದ್ದರೂ ಅವನದೇ. ಈ ವರ್ಷ ಏನನ್ನೂ ಬಿಡದೆ ಐದನ್ನೂ ಕೂಡಿಸಿದ್ದರೂ ಅವನದೇ. ಲೆಕ್ಕದ ಪ್ರಕಾರ ಸತ್ತೆಪ್ಪ ಮೂರು ಸಲದ ಕೇಸರಿ.

"ನಮ್ಮ ಮಂದಿ ಪಂಚಾಂಗಾನೂ ಹಿಂಗ ನೋಡ್ತಾರ," ಎಂದು ಸಾವಕ್ಕ ಒಳಗಿನಿಂದ ಅಂದಳು. "ಮದವಿ ಮುಗದ ಮ್ಯಾಲೆ."

ಸತ್ತೆಪ್ಪ ನಗಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಯಾರೋ, "ಅಣ್ಣಾಸಾಬರ ಡ್ರೈವರ್ ಅದಾರೇನ್ರಿ? ನಮ್ಮ ಟೆಂಪೋ ಸಿಕ್ಕಾಕ್ಕೊಂಡೈತಿ" ಎಂದು ಕೂಗಿದರು. ಅವನು ಪಟ್ಟಿಯ ಗುಂಡಿ ಬಿಚ್ಚುತ್ತ ಎದ್ದ. ಮಾಳೇಶನೂ ಎದ್ದ. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾಗದು ಅನ್ನಿಸಿ, ಕೇಳಬಾರದ್ದನ್ನು ಕೇಳಿದ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಝಂಡಾ ಬಡದ್ರೂ ನಿಮಗ ಲುಕ್ಸಾನ ಇರಲಿಲ್ಲ, ಅದನ್ನ ನಾ ಹೇಳಿದ್ದೆ. ಮಂದಿ ಒಂದೊಂದ ನಮೂನಿ ಮಾತಾಡಾಕತ್ತಾರ. ನನಗಷ್ಟರ ಖರೇ ಹೇಳ್ರಿ. ಕಾಗವಾಡದಾಗ ನೀವ ಯಾಕ ಪೂರಾ ಒತ್ತಲಿಲ್ಲ?"

ಸತ್ತೆಪ್ಪ ಚಪ್ಪಲಿ ಮೆಟ್ಟಿಕೊಂಡ.

"ಒತ್ತಿದ್ನೆಲೇ. ಬುಡಕ್ಕ ಹತ್ತೂತನಕ ಒತ್ತಿದ್ದೆ. ನನಗ ಬರೂದ ಅಷ್ಟ."